ಓರೆಗೆ ಓರೆ

ಕ್ಯಾಸೆಟ್ಟಿನ ಒಡಲಿಗೆ ಐದು ಸ್ಕ್ರೂ. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. ಅವನ್ನು ಬಿಚ್ಚಿ ಮೇಲಿನ ಹೋಳು ಎತ್ತಿದರೆ ಒಳಗೆ ಇರುವ ಸಾಮಾನು ಬಹಳ ಕಡಿಮೆ: ಎರಡು ಪ್ಲಾಸ್ಟಿಕ್ ಗಾಲಿ, ಅವುಗಳ ಮೇಲೊಂದು ಕೆಳಗೊಂದು ನುಣುಪಾದ ಹಾಳೆ, ಎರಡು ಮೂಲೆಗಳಲ್ಲಿ ಪುಟ್ಟ ರೋಲರ್, ಬಾಯಿಯ ಹತ್ತಿರ ತಾಮ್ರದ ಬಣ್ಣದ ಒಂದು ತೆಳು ಪಟ್ಟಿ, ಅದರ ಮೇಲೆ ಜೋಳದ ಕಾಳಿನಷ್ಟೇ ಇರುವ ಉಣ್ಣೆಯ ಮೆತ್ತೆ. ಉಳಿದದ್ದೆಲ್ಲ ಟೇಪು. 60 ನಿಮಿಷದ ಕ್ಯಾಸೆಟ್ಟಿನಲ್ಲಿ ಸುಮಾರು 86 ಮೀಟರ್, 90 ನಿಮಿಷದ್ದರಲ್ಲಿ 130 ಮೀಟರಿಗೆ ಸ್ವಲ್ಪ ಕಡಿಮೆ. ಅಗಲ 3.8 ಮಿಲಿಮೀಟರ್. ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಒಬ್ಬ ಮುದುಕಿ ಒಂದು ತ್ರಿಪದಿ ಹಾಡಿ ಮುಗಿಸುವಷ್ಟರಲ್ಲಿ ಒಂದು ಮೊಳ ಟೇಪು ಖರ್ಚಾಗಿರುತ್ತದೆ. ಎಳೆದು ಹಾಡಿದರೆ ಎರಡು ಮೊಳ.

ಈ ಲೆಕ್ಕಗಳೆಲ್ಲ ನನಗೆ ಬೇಕಾದದ್ದು ಎಕಂಬಾದಲ್ಲಿ. ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಊರು ಇದು, ಮಹಾರಾಷ್ಟ್ರದ ಗಡಿಗೆ ಹತ್ತಿರ. 1956ಕ್ಕೆ ಮೊದಲು ಇದೆಲ್ಲ ಹೈದರಾಬಾದ್ ರಾಜ್ಯ. ಆಗ ಉದಗೀರವೂ ಬೀದರ್ ಜಿಲ್ಲೆಯಲ್ಲೇ ಇತ್ತು. ಭಾಷಾವಾರು ವಿಂಗಡಣೆಯಲ್ಲಿ ಉದಗೀರ, ನಿಲಂಗಾ, ಅಹಮದಪುರ ಆ ಕಡೆ ಹೋದವು, ಔರಾದ್ ಈ ಕಡೆ ಉಳಿಯಿತು. ಆದರೆ ಹೆಣ್ಣು ಕೊಡುವುದು ತರುವುದು, ಸಂತೆ, ಜಾತ್ರೆ, ಹಾಡು ಇವುಗಳಿಗೆ ಗಡಿ ಗೊತ್ತಿಲ್ಲ. ನನ್ನ ಪಿಎಚ್.ಡಿ.ಯ ವಿಷಯ ಈ ಭಾಗದ ಹೆಂಗಸರ ಹಾಡು. ಫೋನು ಹಿಡಿದು ಮನೆ ಮನೆಗೆ ಹೋದಾಗ ಬಹಳ ಕಡೆ ಒಂದೇ ಉತ್ತರ: "ಹಾಡೋರು ಹೋಗ್ಯಾರ್ರಿ. ಕ್ಯಾಸೆಟ್ ಅದಾ ನೋಡ್ರಿ, ನಡೀತದೋ ಇಲ್ಲೋ."

ಕ್ಯಾಸೆಟ್ಟುಗಳು ನಿಜಕ್ಕೂ ಇದ್ದವು. ತಗಡಿನ ಟ್ರಂಕಿನಲ್ಲಿ ಮದುವೆಯ ಸೀರೆಗಳ ಕೆಳಗೆ, ಜಗುಲಿಯ ಮೇಲೆ ದೇವರ ಫೋಟೋಗಳ ಹಿಂದೆ, ಒಂದು ಮನೆಯಲ್ಲಿ ಬಿತ್ತನೆ ಬೀಜದ ಚೀಲದ ಜೊತೆ. ಭಜನೆ, ತತ್ವಪದ, ಮೊಹರಂ ಪದ, ಅಭಂಗ, ಮದುವೆ ಹಾಡು, ಬೀಸುವ ಪದ. ಕೆಲವಕ್ಕೆ ಕನ್ನಡದಲ್ಲಿ ಚೀಟಿ, ಕೆಲವಕ್ಕೆ ಮರಾಠಿಯಲ್ಲಿ, ಹಲವಕ್ಕೆ ಏನೂ ಇಲ್ಲ. ಹೆಚ್ಚಿನವು ಖಾಲಿ ಕ್ಯಾಸೆಟ್ ಕೊಂಡು ತುಂಬಿದವಲ್ಲ. ಸಿನಿಮಾ ಹಾಡಿನ ಕ್ಯಾಸೆಟ್ಟಿನ ಬೆನ್ನಿಗೆ ಎರಡು ಸಣ್ಣ ತೂತು ಇರುತ್ತವಲ್ಲ, ಅದರ ಮೇಲೆ ಬೇರೆ ಏನೂ ರೆಕಾರ್ಡ್ ಆಗದಂತೆ ಕಂಪನಿಯವರು ಮಾಡಿದ ಬಂದೋಬಸ್ತು ಅದು. ಆ ತೂತಿಗೆ ಸೆಲ್ಲೋಟೇಪ್ ಹಚ್ಚಿ, ಸಿನಿಮಾ ಹಾಡನ್ನು ಅಳಿಸಿ, ಮನೆಯ ಹಾಡು ತುಂಬಿದ್ದಾರೆ. ಪದ ಮುಗಿದು ಅರ್ಧ ಗಳಿಗೆ ಮೌನವಾದ ಮೇಲೆ ಇದ್ದಕ್ಕಿದ್ದಂತೆ ಡೋಲಕ್ಕು, ವಯಲಿನ್ನು ಎದ್ದು ಬರುತ್ತವೆ, ಅಳಿಸದೆ ಉಳಿದ ಹಳೆಯ ಹಾಡಿನ ಬಾಲ.

ಕ್ಯಾಸೆಟ್ಟಿಗೆ ಒಬ್ಬ ದಾಯಾದಿ ಇದ್ದ. ಫಿಲಿಪ್ಸ್ ಕಂಪನಿ ಈಗ ನಮಗೆ ಗೊತ್ತಿರುವ ಕ್ಯಾಸೆಟ್ಟನ್ನು 1963ರಲ್ಲಿ ಹೊರತಂದಿತು. ಮರುವರ್ಷ ಅಮೆರಿಕದಲ್ಲಿ, ಸಣ್ಣ ಜೆಟ್ ವಿಮಾನ ಕಟ್ಟುತ್ತಿದ್ದ ಬಿಲ್ ಲಿಯರ್ ಎಂಬಾತನ ಕಡೆಯಿಂದ ಎಂಟು ಟ್ರ್ಯಾಕಿನ ಟೇಪು ಬಂತು. ಫೋರ್ಡ್ ಕಂಪನಿ ಅದನ್ನು ತನ್ನ 1966ರ ಮಾದರಿಯ ಕಾರುಗಳಲ್ಲಿ ಕೂರಿಸಿಕೊಟ್ಟಿತು. ಇಟ್ಟಿಗೆಯ ಹೋಳಿನಷ್ಟು ದಪ್ಪ ಡಬ್ಬಿ, ಒಳಗೆ ಒಂದೇ ಗಾಲಿ. 6.35 ಮಿಲಿಮೀಟರ್ ಅಗಲದ ಟೇಪು ಸುರುಳಿಯ ನಡುವಿನಿಂದ ಹೊರಬಂದು, ಹೆಡ್ಡಿನ ಮುಂದೆ ಹಾದು, ಮತ್ತೆ ಸುರುಳಿಯ ಹೊರ ಅಂಚಿಗೆ ಸುತ್ತಿಕೊಳ್ಳುತ್ತದೆ. ಮೊದಲಿಲ್ಲ, ಕೊನೆಯಿಲ್ಲ, ಹಿಂದಕ್ಕೆ ತಿರುಗಿಸುವ ಮಾತೇ ಇಲ್ಲ. ತುದಿಗೆ ತುದಿ ಕೂಡಿಸಿದ ಜಾಗದಲ್ಲಿ ಒಂದು ಲೋಹದ ಚೂರು. ಅದು ಹಾದಾಗ ಯಂತ್ರ ಒಂದು ಟ್ರ್ಯಾಕಿನಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಆ ಡಬ್ಬಿಗಳನ್ನು ಇಂದಿಗೂ ರಿಪೇರಿ ಮಾಡುವ ಹವ್ಯಾಸಿಗಳಿದ್ದಾರೆ. ಪುಡಿಯಾದ ಸ್ಪಂಜಿನ ಮೆತ್ತೆ ಕಿತ್ತು ಹೊಸದು ಹಚ್ಚುತ್ತಾರೆ, ಅಂಟು ಒಣಗಿ ಬಿಟ್ಟುಹೋದ ಲೋಹದ ಚೂರು ತೆಗೆದು ಬೇರೆ ಕೂಡಿಸುತ್ತಾರೆ. ನಾನು ಮಾಡುವ ಕೆಲಸವೂ ಹೆಚ್ಚುಕಡಿಮೆ ಅದೇ.

ಆದರೆ ಒಂದು ವ್ಯತ್ಯಾಸವಿದೆ, ಅದು ಸಣ್ಣದಲ್ಲ. ಎಂಟು ಟ್ರ್ಯಾಕಿನದು ಮುಖ್ಯವಾಗಿ ಕೊಂಡು ಕೇಳುವವರ ಡಬ್ಬಿ. ಅದರಲ್ಲಿ ಇರುವ ಹಾಡು ಎಲ್‌ಪಿ ತಟ್ಟೆಯಲ್ಲೂ ಇರುತ್ತದೆ, ಸಿ.ಡಿ.ಯಲ್ಲೂ ಇರುತ್ತದೆ. ಡಬ್ಬಿ ಸತ್ತರೆ ಒಂದು ಪ್ರತಿ ಸತ್ತಂತೆ. ಫಿಲಿಪ್ಸ್ ಕ್ಯಾಸೆಟ್ಟು ಕೇಳುವುದಕ್ಕೆಷ್ಟೋ ತುಂಬುವುದಕ್ಕೂ ಅಷ್ಟೇ ಸಲೀಸು. ಎಂಬತ್ತರ ದಶಕದಲ್ಲಿ ಇದು ನಮ್ಮ ದೇಶದ ಸಂಗೀತದ ವ್ಯಾಪಾರವನ್ನೇ ಹೇಗೆ ತಲೆಕೆಳಗು ಮಾಡಿತು ಎಂಬುದನ್ನು ಪೀಟರ್ ಮ್ಯಾನುಯೆಲ್ 1993ರಲ್ಲಿ ಬಂದ 'ಕ್ಯಾಸೆಟ್ ಕಲ್ಚರ್' ಪುಸ್ತಕದಲ್ಲಿ ಬರೆದಿದ್ದಾರೆ. ಅದು ಉತ್ತರ ಭಾರತದ ಕಥೆ, ಮಾರಾಟಕ್ಕೆ ಬಂದ ಕ್ಯಾಸೆಟ್ಟುಗಳ ಕಥೆ. ಎಕಂಬಾದ ಟ್ರಂಕಿನಲ್ಲಿ ಇರುವುದು ಮಾರಾಟಕ್ಕೆ ಬಾರದ್ದು. ಹೈದರಾಬಾದಿಗೋ ಮುಂಬೈಗೋ ದುಬೈಗೋ ದುಡಿಯಲು ಹೋದವರು ಒಂದು ಟೂ-ಇನ್-ಒನ್ ತಂದರು, ರಜೆ ಮುಗಿಯುವುದರೊಳಗೆ ಅವ್ವನ ಮುಂದೆ, ಭಜನಾ ಮಂಡಳಿಯ ಮುಂದೆ ಇಟ್ಟು ಕೆಂಪು ಗುಂಡಿ ಒತ್ತಿದರು. ಇಲ್ಲಿ ಕ್ಯಾಸೆಟ್ಟೇ ಮೂಲ. ಎರಡನೆಯ ಪ್ರತಿ ಎಂಬುದೇ ಇಲ್ಲ.

ಕ್ಯಾಸೆಟ್ಟಿನ ರೋಗಗಳು ಹೆಚ್ಚೇನಿಲ್ಲ, ಎಣಿಸಬಹುದು. ಮೊದಲನೆಯದು ತುದಿ ಕಳಚುವುದು. ಗಾಲಿಗೆ ಟೇಪನ್ನು ಹಿಡಿದಿಡುವ ಸಣ್ಣ ಬೆಣೆ ಸಡಿಲವಾಗಿ, ಇಡೀ ಟೇಪು ಒಂದೇ ಗಾಲಿಗೆ ಹೋಗಿ ಕೂತಿರುತ್ತದೆ. ಒಡಲು ಬಿಚ್ಚಿ, ಬೆಣೆ ಒತ್ತಿದರೆ ಮುಗಿಯಿತು. ಎರಡನೆಯದು ತುಂಡಾದ ಟೇಪು. ಮನೆಯವರು ಸೆಲ್ಲೋಟೇಪ್ ಹಚ್ಚಿ ಜೋಡಿಸಿರುತ್ತಾರೆ. ಬೇಸಿಗೆಯಲ್ಲಿ ಅದರ ಅಂಟು ಕರಗಿ ಮೇಲಿನ ಕೆಳಗಿನ ಸುತ್ತುಗಳನ್ನು ಹಿಡಿದುಬಿಟ್ಟಿರುತ್ತದೆ. ಅದನ್ನು ನಿಧಾನ ಬಿಡಿಸಿ, ಅಂಟು ಒರೆಸಿ, ತುದಿಗಳನ್ನು ಓರೆಯಾಗಿ ಕತ್ತರಿಸಿ, ಕೂಡಿಸುವುದಕ್ಕೆಂದೇ ಮಾಡಿದ ಪಟ್ಟಿಯನ್ನು ಹಿಂಬದಿಗೆ ಹಚ್ಚಬೇಕು. ಕ್ಯಾಸೆಟ್ಟಿನಲ್ಲಿ ಟೇಪಿನ ಹಾಡಿರುವ ಮುಖ ಹೊರಗಡೆಗಿರುತ್ತದೆ; ಆ ಮುಖಕ್ಕೆ ಬೆರಳೂ ತಾಗಬಾರದು. ಮೂರನೆಯದು ಬೂಷ್ಟು. ಸುರುಳಿಯ ಮೇಲೆ ಬಿಳಿ ಪುಡಿ ಕಂಡರೆ ಆ ಕ್ಯಾಸೆಟ್ಟನ್ನು ಉಳಿದವುಗಳ ಜೊತೆ ಇಡುವಂತಿಲ್ಲ, ಸೆಟ್ಟಿಗೆ ಹಾಕುವಂತಿಲ್ಲ. ಚೆನ್ನಾಗಿ ಒಣಗಿದ ಮೇಲೆ ಅಂಗಳದಲ್ಲಿ ಕೂತು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆಯ ಬಟ್ಟೆಯ ನಡುವೆ ಟೇಪು ಹಾಯಿಸುತ್ತ ಒಂದು ಗಾಲಿಯಿಂದ ಇನ್ನೊಂದಕ್ಕೆ ಸುತ್ತಬೇಕು. ಇದಕ್ಕೆ ಪೆನ್ಸಿಲ್ಲಿಗಿಂತ ಒಳ್ಳೆಯ ಸಾಧನ ಇನ್ನೂ ಬಂದಿಲ್ಲ.

ಕೆಲವು ಕ್ಯಾಸೆಟ್ಟುಗಳಿಗೆ ಸ್ಕ್ರೂ ಇರುವುದಿಲ್ಲ, ಎರಡು ಹೋಳುಗಳನ್ನು ಕಾರ್ಖಾನೆಯಲ್ಲೇ ಬೆಸೆದಿರುತ್ತಾರೆ. ಅವನ್ನು ಕೂಡುಗೆರೆಯ ಮೇಲೆ ಬ್ಲೇಡು ಹಾಯಿಸಿ ಒಡೆಯಬೇಕು, ಒಳಗಿನ ಗಾಲಿಗಳನ್ನು ಸ್ಕ್ರೂ ಇರುವ ಬೇರೆ ಒಡಲಿಗೆ ದಾಟಿಸಬೇಕು. ಹಳೆಯ ಸಾಮಾನಿನ ಅಂಗಡಿಯಲ್ಲಿ ಯಾರಿಗೂ ಬೇಡವಾದ ಸಿನಿಮಾ ಕ್ಯಾಸೆಟ್ಟುಗಳು ಕಿಲೋ ಲೆಕ್ಕದಲ್ಲಿ ಸಿಗುತ್ತವೆ. ಒಡಲು ಅವುಗಳದ್ದು, ಉಸಿರು ನಮ್ಮದು.

ಈ ವಿದ್ಯೆ ನನಗೆ ಕಲಿಸಿದವರು ಬೀದರಿನ ಚೌಬಾರಾದ ಹತ್ತಿರದ ಗಲ್ಲಿಯೊಂದರಲ್ಲಿ ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದ ಒಬ್ಬ ಚಾಚಾ. ಈಗ ಅಂಗಡಿಯಲ್ಲಿ ಮಗ ಮೊಬೈಲ್ ರಿಪೇರಿ ಮಾಡುತ್ತಾನೆ. ಒಂದು ಮೂಲೆಯ ಮೇಜು ಮಾತ್ರ ಚಾಚಾ ಬಿಟ್ಟುಕೊಟ್ಟಿಲ್ಲ. ಅವರ ಮೇಜಿನ ಮೇಲೆ ನಾನು ಇಟ್ಟ ಕ್ಯಾಸೆಟ್ಟುಗಳಲ್ಲಿ ಒಂದರ ಬಗ್ಗೆ ಇಲ್ಲಿ ಹೇಳಬೇಕು.

ಅದರ ಮೇಲೆ ನೀಲಿ ಪೆನ್ನಿನಲ್ಲಿ 'ಆಯಿ' ಎಂದಷ್ಟೇ ಬರೆದಿತ್ತು. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ. 1990ರ ಆಸುಪಾಸಿನಲ್ಲಿ ಹೈದರಾಬಾದಿನಿಂದ ರಜೆಗೆ ಬಂದಿದ್ದ ಮಗ, ಅಂದರೆ ನಾನು ಕಾಕಾ ಎಂದು ಕರೆಯುವವರು, ತಮ್ಮ ತಾಯಿ ಬೀಸುವ ಪದ ಹಾಡುವುದನ್ನು ತುಂಬಿಕೊಂಡ ಕ್ಯಾಸೆಟ್ಟು ಅದು. ಊರಿಗೆ ಗಿರಣಿ ಬಂದು ಬಹಳ ವರ್ಷವಾಗಿತ್ತಂತೆ. ಸುಮ್ಮನೆ ಕೂತು ಹಾಡು ಎಂದರೆ ಆಯಿಗೆ ಪದ ಬರಲೇ ಇಲ್ಲ. ಕಡೆಗೆ ಅವರೇ ಎದ್ದು ಮೂಲೆಗಿದ್ದ ಬೀಸುಕಲ್ಲು ಎಳೆದುಕೊಂಡು, ಒಂದು ಬೊಗಸೆ ತೊಗರಿ ಹಾಕಿ ತಿರುಗಿಸತೊಡಗಿದ ಮೇಲೆ ಪದ ತಾನಾಗಿ ಬಂತಂತೆ. ರಜೆ ಮುಗಿದು ಸೆಟ್ಟು ಕಾಕಾನ ಜೊತೆ ಹೈದರಾಬಾದಿಗೆ ವಾಪಸು ಹೋಯಿತು. ಕ್ಯಾಸೆಟ್ಟು ಊರಲ್ಲಿ ಉಳಿಯಿತು. ಮುಂದೆ ಮನೆಗೆ ಬೇರೊಂದು ಸೆಟ್ಟು ಬಂತು. ಆಯಿ ತೀರಿಕೊಂಡ ಮೇಲೆ ವರ್ಷಕ್ಕೊಮ್ಮೆ, ಅವರ ತಿಥಿಯ ದಿನ, ಆ ಸೆಟ್ಟಿನಲ್ಲಿ ಈ ಕ್ಯಾಸೆಟ್ಟು ಹಾಕಿ ಎಲ್ಲರೂ ಕೇಳುತ್ತಿದ್ದರು. ಆ ಸೆಟ್ಟೂ ಕೆಟ್ಟು ಹತ್ತು ವರ್ಷಕ್ಕೂ ಮೇಲಾಗಿದೆ.

ನಾನು ತಂದಾಗ ಅದರ ಉಣ್ಣೆಯ ಮೆತ್ತೆ ಅಂಟು ಬಿಟ್ಟು ಒಡಲೊಳಗೆ ಗಲಗಲ ಎನ್ನುತ್ತಿತ್ತು. ಟೇಪನ್ನು ಹಿಂದಿನಿಂದ ಹೆಡ್ಡಿಗೆ ಒತ್ತಿ ಹಿಡಿಯುವುದೇ ಆ ಮೆತ್ತೆಯ ಕೆಲಸ. ಬೇರೆ ಕ್ಯಾಸೆಟ್ಟಿನಿಂದ ಪಟ್ಟಿ ಸಮೇತ ಮೆತ್ತೆ ತೆಗೆದು ಕೂರಿಸಿದ್ದಾಯಿತು. ಹಾಕಿದರೆ ಧ್ವನಿ ಬಂತು. ಆದರೆ ಸೆರಗು ಬಾಯಿಗೆ ಅಡ್ಡ ಹಿಡಿದು ಹಾಡಿದಂತೆ ಮಂದ. ರಾಗ ತಿಳಿಯುತ್ತದೆ, ಮಾತು ತಿಳಿಯುವುದಿಲ್ಲ. ನಾನು ಹೆಡ್ಡು ಸ್ಪಿರಿಟ್ಟಿನಿಂದ ಒರೆಸಿದೆ, ಅದು ಸರಿಯಾಗಿ ನೆಟ್ಟಗಿದೆಯೋ ಎಂದು ಪರೀಕ್ಷಿಸಿದೆ. ನೆಟ್ಟಗೇ ಇತ್ತು. ಚಾಚಾ ನೋಡುತ್ತ ಕೂತಿದ್ದವರು ನಕ್ಕರು.

"ಬೇಟಿ, ಈ ಸೆಟ್ ಸೀದಾ ಅದಾ, ಖರೇ. ಆ ಸೆಟ್ ಸೀದಾ ಇತ್ತೇನು? ಅದು ಎಷ್ಟು ಟೇಢಾ ಇತ್ತೋ ಇದೂ ಅಷ್ಟೇ ಟೇಢಾ ಆಗ್ಬೇಕು. ಟೇಢಾಕ್ಕ ಟೇಢಾ."

ಪ್ಲೇ ಒತ್ತಿದಾಗ ಹೆಡ್ಡಿನ ಪಕ್ಕ ಒಂದು ಸಣ್ಣ ಸ್ಕ್ರೂ ಕಾಣುತ್ತದೆ, ಕೆಳಗೆ ಸ್ಪ್ರಿಂಗು, ಮೇಲೆ ಅಲುಗಾಡದಿರಲಿ ಎಂದು ಹಚ್ಚಿದ ಬಣ್ಣದ ಚುಕ್ಕೆ. ಚಾಚಾ ಆ ಚುಕ್ಕೆ ಕೆರೆದು ತೆಗೆದು, ಸ್ಕ್ರೂಡ್ರೈವರ್ ಇಟ್ಟು, ಕಣ್ಣು ಮುಚ್ಚಿಕೊಂಡು ತಿರುಗಿಸಿದರು. ಒಂದು ಸುತ್ತಿನ ಎಂಟನೆಯ ಒಂದು ಪಾಲೂ ಇರಲಿಕ್ಕಿಲ್ಲ. ಆಯಿ ಸೆರಗು ತೆಗೆದರು. ಕಲ್ಲಿನ ಗರಗರ ಬೇರೆಯಾಯಿತು, ತೊಗರಿ ಒಡೆಯುವ ಚಟಚಟ ಬೇರೆಯಾಯಿತು, ಬಳೆಯ ಸದ್ದು ಬಂತು, ಮಾತು ಬಂತು.

ಆಮೇಲೆ ಮನೆಗೆ ಬಂದು ಲೆಕ್ಕ ಹಾಕಿ ನೋಡಿದೆ. ಹೆಡ್ಡಿನಲ್ಲಿ ಕೂದಲಿಗಿಂತ ಬಹಳ ಸಣ್ಣದಾದ ಒಂದು ಸೀಳು ಇರುತ್ತದೆ. ಧ್ವನಿ ಆ ಸೀಳಿನ ಗುರುತಾಗಿ ಟೇಪಿನ ಮೇಲೆ ಅಡ್ಡಗೆರೆಗಳಂತೆ ಕೂರುತ್ತದೆ. ತುಂಬಿದ ಸೆಟ್ಟಿನ ಸೀಳು ಓರೆಯಿದ್ದರೆ ಗೆರೆಗಳೂ ಓರೆ. 'ಸ', 'ಶ', 'ಚ' ಮುಂತಾದ ಅಕ್ಷರಗಳನ್ನು ಗುರುತು ಹಿಡಿಸುವ ಸಣ್ಣ ಸದ್ದುಗಳು ಸೆಕೆಂಡಿಗೆ ನಾಲ್ಕೈದು ಸಾವಿರದಿಂದ ಎಂಟು ಸಾವಿರ ಕಂಪನದ ಆಸುಪಾಸಿನವು. ಎಂಟು ಸಾವಿರ ಕಂಪನದ ಒಂದು ಅಲೆ ಕ್ಯಾಸೆಟ್ಟಿನ ಮೇಲೆ ಹಿಡಿಯುವ ಜಾಗ 6 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರದ ಆರು ಪಾಲು. ಒಂದೇ ಸ್ಪೀಕರಿನ ಸೆಟ್ಟಿನಲ್ಲಿ ಹಾಡು ಕೂರುವ ಪಟ್ಟಿಯ ಅಗಲ 1.5 ಮಿಲಿಮೀಟರ್. ಈ ಎರಡನ್ನು ಇಟ್ಟು ಲೆಕ್ಕ ಮಾಡಿದರೆ, ತುಂಬಿದ ಹೆಡ್ಡಿಗೂ ಕೇಳಿಸುವ ಹೆಡ್ಡಿಗೂ ಕಾಲು ಡಿಗ್ರಿಯಷ್ಟು ಓರೆಯ ವ್ಯತ್ಯಾಸ ಇದ್ದರೆ ಸಾಕು, ಆ ಸದ್ದು ಪೂರಾ ಅಳಿಸಿಹೋಗುತ್ತದೆ. ಟೇಪಿನಿಂದ ಅಳಿಸಿಹೋಗುವುದಿಲ್ಲ, ಕೇಳುವವನ ಪಾಲಿಗೆ ಅಳಿಸಿಹೋಗುತ್ತದೆ. ಟೇಪಿನಲ್ಲಿ ಅದು ಇದ್ದೇ ಇರುತ್ತದೆ.

ನಾನು ಓದಿನಲ್ಲಿ ಕಲಿತ 'ದುರಸ್ತಿ' ಎಂಬ ಮಾತಿನ ಅರ್ಥ ಕೆಟ್ಟದ್ದನ್ನು ಸರಿ ಮಾಡುವುದು ಎಂದು. ಚಾಚಾನ ಮೇಜಿನ ಮೇಲೆ ಸರಿಯಿದ್ದ ಯಂತ್ರವನ್ನು ಓರೆ ಮಾಡುವುದೇ ದುರಸ್ತಿಯಾಗಿತ್ತು. ದೊಡ್ಡ ದಾಖಲಾಲಯಗಳ ಪದ್ಧತಿಯೂ ಇದನ್ನೇ ಹೇಳುತ್ತದೆ. ಧ್ವನಿ ಸಂಗ್ರಹಾಲಯಗಳ ಅಂತಾರಾಷ್ಟ್ರೀಯ ಸಂಘವಾದ ಐಎಎಸ್‌ಎ ಹೊರತಂದಿರುವ ಮಾರ್ಗಸೂಚಿಯ ಪ್ರಕಾರ ಪ್ರತಿಯೊಂದು ಟೇಪಿಗೂ ಅದರದರ ಓರೆಗೆ ತಕ್ಕಂತೆ ಹೆಡ್ಡು ಹೊಂದಿಸಿಕೊಳ್ಳಬೇಕು, ಕಡಿಮೆಯೆಂದರೆ 48 ಕಿಲೋಹರ್ಟ್ಸ್, 24 ಬಿಟ್ಟಿನಲ್ಲಿ ಕಂಪ್ಯೂಟರಿಗೆ ತುಂಬಬೇಕು. ಕಾರಣ ಸರಳ. ಓರೆಯಿಂದ ಕಳೆದುಹೋದ ಸದ್ದನ್ನು ಆಮೇಲೆ ಯಾವ ಸಾಫ್ಟ್‌ವೇರೂ ಪೂರ್ತಿಯಾಗಿ ವಾಪಸು ತರಲಾರದು. ಅದು ಆ ಗಳಿಗೆಯಲ್ಲಿ, ಆ ಸ್ಕ್ರೂವಿನ ತುದಿಯಲ್ಲೇ ಆಗಬೇಕಾದ ಕೆಲಸ.

ಎಲ್ಲ ಓರೆಗಳೂ ಒಂದೇ ಬಗೆಯವಲ್ಲ. ಆಯಿಯ ಕ್ಯಾಸೆಟ್ಟಿನಲ್ಲಿ ಎರಡನೆಯದೊಂದು ಇತ್ತು. ತುಂಬುವಾಗ ಕರೆಂಟು ಇರಲಿಲ್ಲ, ಸೆಟ್ಟು ಬ್ಯಾಟರಿ ಸೆಲ್ಲಿನ ಮೇಲೆ ಓಡಿತ್ತು. ಸೆಲ್ಲು ಸೋಲುತ್ತ ಬಂದಂತೆ ಮೋಟಾರು ನಿಧಾನವಾಗಿದೆ. ನಿಧಾನ ತುಂಬಿದ್ದನ್ನು ಸರಿಯಾದ ವೇಗದಲ್ಲಿ ಕೇಳಿದರೆ ಧ್ವನಿ ಏರುತ್ತದೆ, ಚುರುಕಾಗುತ್ತದೆ. ವೇಗ ನೂರಕ್ಕೆ ಆರರಷ್ಟು ಕಡಿಮೆಯಾದರೆ ಷಡ್ಜ ಕೋಮಲ ರಿಷಭಕ್ಕೆ ಹೋಗಿ ನಿಲ್ಲುತ್ತದೆ. ಮೊದಲ ಪದದಲ್ಲಿ ಎಪ್ಪತ್ತು ವರ್ಷದ ಹೆಂಗಸು, ಕೊನೆಯ ಪದದ ಹೊತ್ತಿಗೆ ಹದಿನಾಲ್ಕರ ಹುಡುಗಿ. ಲ್ಯಾಪ್‌ಟಾಪಿನಲ್ಲಿ ಕೇಳಿಸಿದಾಗ ಕಾಕಾ, "ಕೊನಿಗಿಂದು ನಮ್ಮವ್ವನ ಧ್ವನಿ ಅಲ್ರಿ ಅಕ್ಕೋರೆ" ಎಂದರು. ಇಂಥದ್ದಕ್ಕೆ ಮೂಲ ಪ್ರತಿಯನ್ನು ಮುಟ್ಟದೆ ಹಾಗೇ ಇಟ್ಟು, ಇನ್ನೊಂದು ನಕಲಿನಲ್ಲಿ ವೇಗ ಇಳಿಸಬಹುದು. ಎಷ್ಟು ಇಳಿಸಬೇಕು ಎಂಬುದಕ್ಕೆ ಅಳತೆ ಬೇಕಲ್ಲ. ಕರೆಂಟಿನ ಮೇಲೆ ತುಂಬಿದ್ದರೆ 50 ಹರ್ಟ್ಸಿನ ಗುಂಯ್‌ಗುಡುವಿಕೆ ಸಿಗುತ್ತಿತ್ತು, ಅದನ್ನೇ ಅಳತೆಗೋಲು ಮಾಡಬಹುದಿತ್ತು. ಸೆಲ್ಲಿನಲ್ಲಿ ತುಂಬಿದ್ದಕ್ಕೆ ಅದೂ ಇಲ್ಲ. ಅಳತೆಯಾದವರು ಕಾಕಾನ ಹೆಂಡತಿ, ನಾನು ಅವ್ವ ಎನ್ನುವವರು. ಅವರು ಗೋಡೆಗೆ ಒರಗಿ ಕೂತು ಕೇಳಿದರು. ನಾನು ಸ್ವಲ್ಪ ಸ್ವಲ್ಪ ಇಳಿಸುತ್ತ ಹೋದೆ. "ಇನ್ನಾ ಸ್ವಲ್ಪ... ಇನ್ನಾ... ಹಾಂ, ನಿಂದ್ರಿಸ್ರಿ. ಈಕೇ ನಮ್ಮತ್ತಿ."

ಅಷ್ಟರಲ್ಲಿ ಮೊಮ್ಮಗ ಒಂದು ಸಲಹೆ ಕೊಟ್ಟ. ಫೋನಿನಲ್ಲೇ ಒಂದು ಆ್ಯಪ್ ಇದೆ, ಗರಗರ ಸದ್ದನ್ನೆಲ್ಲ ತೆಗೆದು ಧ್ವನಿ ಮಾತ್ರ ಉಳಿಸುತ್ತದೆ ಎಂದ. ಮಾಡಿಯೂ ತೋರಿಸಿದ. ಕಲ್ಲು ಹೋಯಿತು. ಯಂತ್ರಕ್ಕೆ ಒಂದೇ ಸಮನೆ ಬರುವ ಸದ್ದೆಲ್ಲ ಕಸ. ಬೀಸುಕಲ್ಲು ಒಂದೇ ಸಮನೆ ತಿರುಗುವುದಕ್ಕೇ ಹುಟ್ಟಿದ್ದು. ಕಲ್ಲು ಹೋದ ಮೇಲೆ ಪದ ಎಲ್ಲಿ ಕಾಲೂರಬೇಕೋ ತಿಳಿಯದೆ ಗಾಳಿಯಲ್ಲಿ ತೂಗಾಡಿತು. ಆಯಿ ಸಾಲಿನ ನಡುವೆ ನಿಲ್ಲಿಸುತ್ತಿದ್ದುದು ಉಸಿರಿಗಲ್ಲ, ಕಾಳು ಹಾಕುವುದಕ್ಕೆ ಎಂಬುದು ಕಲ್ಲಿದ್ದಾಗ ಮಾತ್ರ ಗೊತ್ತಾಗುತ್ತದೆ. 1931ರಲ್ಲಿ ಹಲಸಂಗಿಯ ಗೆಳೆಯರು ಹೊರತಂದ 'ಗರತಿಯ ಹಾಡು' ಪುಸ್ತಕದಿಂದ ನಮಗೆ ತ್ರಿಪದಿಯ ಸೊಬಗು ಕಣ್ಣಿಗೆ ಕಂಡಿತು. ಕಿವಿಯಿಂದ ಕೇಳಿ ಕೈಯಿಂದ ಬರೆದುಕೊಂಡ ಆ ಕಾಲಕ್ಕೆ ಅಷ್ಟು ಉಳಿಸಿದ್ದೇ ದೊಡ್ಡ ಪುಣ್ಯ. ಪುಸ್ತಕದಲ್ಲಿ ಕಲ್ಲು ಇರಲಾರದು. ಕ್ಯಾಸೆಟ್ಟಿನಲ್ಲಿ ಇರುವ ಕಲ್ಲನ್ನು ನಾವಾಗಿ ತೆಗೆದುಹಾಕುವುದು ಯಾಕೆ? ಹುಡುಗನೇ ಎರಡನ್ನೂ ಒಂದಾದ ಮೇಲೊಂದು ಕೇಳಿ, ತನ್ನ ನಕಲನ್ನು ಅಳಿಸಿದ.

ಕಲ್ಲಿನ ಜೊತೆ ಇನ್ನೂ ಏನೇನೋ ಇದೆ ಅದರಲ್ಲಿ. ಕನ್ನಡದ ಪದ ಹಾಡುತ್ತ ಹಾಡುತ್ತ ಆಯಿ ಎರಡು ಮರಾಠಿ ಓವಿಗೆ ಜಾರುತ್ತಾರೆ, ಅದೇ ಧಾಟಿ, ಅದೇ ತಿರುವು, ಮತ್ತೆ ಕನ್ನಡಕ್ಕೆ ಬರುತ್ತಾರೆ. ಗಡಿಯಾಚೆ ಹೇಮಾ ರಾಯಿರ್ಕರ್ ಮತ್ತು ಗಿ ಪ್ವಾತ್ವಾ ಅವರು ಮಹಾರಾಷ್ಟ್ರದ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಮೀರಿ ಬೀಸುವ ಪದ ಕಲೆಹಾಕಿದರು. ಈಗ ಅವುಗಳಲ್ಲಿ ಹಲವು 'ಪರಿ'ಯ ಜಾಲತಾಣದಲ್ಲಿ ಯಾರು ಬೇಕಾದರೂ ಕೇಳುವಂತಿವೆ. ಈಚೆ ಕಡೆಯ ಹೆಂಗಸರು ಎರಡೂ ಭಾಷೆಯಲ್ಲಿ ಬೀಸಿದರು. ಅವರ ಪದ ಕನ್ನಡದ್ದೋ ಮರಾಠಿಯದ್ದೋ ಎಂದು ಕೇಳುವ ಸಂಗ್ರಹದಲ್ಲಿ ಅವರಿಗೆ ಅರ್ಧ ಜಾಗವಷ್ಟೇ ಸಿಕ್ಕೀತು. ಟ್ರಂಕಿನಲ್ಲಿ ಪೂರ್ತಿ ಇದ್ದಾರೆ.

ಇಷ್ಟೂ ಆದ ಮೇಲೆ ಬಂದದ್ದು ನಿಜವಾದ ತೊಡಕು. ಮಧ್ಯದ ಒಂದು ಪದವನ್ನು ಮನೆಯವರು ಇಷ್ಟು ವರ್ಷ ತುಳಜಾಪುರದ ಭವಾನಿಯ ಪದ ಎಂದು ತಿಳಿದಿದ್ದರು. ಬಳೆಯ ಸದ್ದಿನ ಮಾತು ಬರುತ್ತದೆ, ಹಾಗಾಗಿ ದೇವಿಯ ಕೈಬಳೆಯೇ ಇರಬೇಕು ಎಂದು. ತಿಥಿಯ ದಿನ ಆ ಪದ ಬಂದಾಗ ಕೈಮುಗಿಯುತ್ತಿದ್ದರಂತೆ. ಹೆಡ್ಡು ಓರೆಯಾಗಿ 'ಸ'ಕಾರ ವಾಪಸು ಬಂದ ಮೇಲೆ, ಅಲ್ಲಿರುವ ಮಾತು 'ಸೊಸಿ' ಎಂದು ಸ್ಪಷ್ಟವಾಗಿ ಕೇಳಿಸಿತು. ಹಿರಿಸೊಸೆಯ ಕೈಯಲ್ಲಿ ಕಲ್ಲಿಗಿಂತ ಬಳೆಯದೇ ಸದ್ದು ಜಾಸ್ತಿ ಎಂಬ ಅರ್ಥದ ಪದ ಅದು. ಹಿರಿಸೊಸೆ ಎಂದರೆ ಗೋಡೆಗೆ ಒರಗಿ ಕೂತಿದ್ದ ಅವ್ವ. ತುಂಬುವಾಗ ಅವರು ಹಿಂದಿನ ಕೋಣೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಆ ತಟತಟ ಕೂಡ ಟೇಪಿನಲ್ಲಿದೆ.

ಕಾಕಾಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. "ಅದೊಂದು ಪದ ತೆಗೆದುಬಿಡ್ರಿ" ಎಂದರು. ತೆಗೆಯುವುದು ನನಗೆ ಎರಡು ನಿಮಿಷದ ಕೆಲಸ. ಆದರೆ ಸಂಶೋಧನೆ ಮಾಡುವವಳಿಗೆ ಇಡೀ ಕ್ಯಾಸೆಟ್ಟಿನಲ್ಲಿ ಅದಕ್ಕಿಂತ ಬೆಲೆಯುಳ್ಳ ಪದ ಇನ್ನೊಂದಿಲ್ಲ. ಬೀಸುವ ಕಲ್ಲಿನ ಮುಂದೆ ಹೆಂಗಸರು ದೇವರನ್ನೂ ತವರನ್ನೂ ನೆನೆದರು ಎಂದು ಎಲ್ಲರೂ ಬರೆಯುತ್ತೇವೆ. ಅಲ್ಲೇ ಕೂತು ಮನೆಯೊಳಗಿನ ಜಗಳವನ್ನೂ ಹಾಡಿದರು. ಹಾಗೆಂದು ನನ್ನ ಪ್ರಬಂಧದ ಒಂದು ಪುಟಕ್ಕಾಗಿ ಆ ಮನೆಯ ತಿಥಿಯನ್ನು ಕೆಡಿಸುವ ಹಕ್ಕು ನನಗೆ ಯಾರೂ ಕೊಟ್ಟಿಲ್ಲ. ನಾನು ಸುಮ್ಮನೆ ಕೂತೆ. ಚಾಚಾ ಓರೆ ಹೊಂದಿಸುವುದನ್ನು ಕಲಿಸಿದ್ದರು, ಹೊಂದಿಸಿದ ಮೇಲೆ ಏನು ಮಾಡಬೇಕೆಂದು ಕಲಿಸಿರಲಿಲ್ಲ.

ಅವ್ವ ಇನ್ನೊಮ್ಮೆ ಹಾಕಿಸಿದರು. ಕೇಳಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

"ತೆಗಿಬ್ಯಾಡ್ರಿ. ಆವಾಗೇ ಕೇಳಿಸಿದ್ರ ಅವತ್ತೇ ಜಗಳಾಡ್ತಿದ್ದೆ ಯವ್ವಾ. ಈಗ ಯಾರ ಸಂಗಾಟ ಆಡ್ಲಿ? ಇರ್ಲಿ. ನನ್ನ ಹೆಸರಿಲೆ ಒಂದು ಪದ ಅದಾ ಅಂತಾಯ್ತು."

ಆಮೇಲೆ ಕಾಕಾನ ಕಡೆ ತಿರುಗಿ, ಬೀಸುವಾಗ ಬಳೆ ಸದ್ದಾಗದೆ ಇನ್ನೇನಾಗುತ್ತದೆ ಎಂದು ಸ್ವಲ್ಪ ಗಡುಸಾಗಿಯೇ ಕೇಳಿದರು. ಜಗಳ ಪೂರ್ತಿ ಮುಗಿದಿಲ್ಲ ಎಂದು ನನಗನ್ನಿಸಿತು.

ಕಡೆಗೆ ಒಂದು ಒಪ್ಪಂದವಾಯಿತು. ಅವ್ವ ಹೇಳಿದಂತೆ, "ಮಾತು ಹೇಳ್ರಿ, ಧ್ವನಿ ಬ್ಯಾಡ." ಪದದ ಸಂಗತಿ ನಾನು ಬರೆಯಬಹುದು, ಧ್ವನಿ ಮನೆಯಾಚೆ ಹೋಗುವಂತಿಲ್ಲ, ಯಾರ ವಾಟ್ಸ್ಆ್ಯಪ್ಪಿಗೂ ಇಲ್ಲ. ಪದದ ಸಾಲುಗಳನ್ನು ಇಲ್ಲಿ ಕೊಡದಿರುವುದು ಅದಕ್ಕೇ. ಪೆನ್‌ಡ್ರೈವಿನಲ್ಲಿ ಎರಡು ಫೈಲು: ಒಂದು ಮುಟ್ಟದೆ ಇಟ್ಟದ್ದು, ಸೆಲ್ಲು ಸೋತ ಧ್ವನಿ ಸಮೇತ, ಇನ್ನೊಂದು ಅವ್ವನ ಕಿವಿಯ ಅಳತೆಗೆ ಇಳಿಸಿದ್ದು. ಯಾವುದರಲ್ಲಿ ಏನು ಮಾಡಿದೆ ಎಂಬ ಚೀಟಿಯೂ ಜೊತೆಗೆ, ಹೆಡ್ಡು ಎಷ್ಟು ಓರೆ ಮಾಡಿದ್ದು ಎಂಬುದೂ ಸೇರಿ. ಇನ್ನೊಂದು ಪ್ರತಿ ಹೈದರಾಬಾದಿನಲ್ಲಿರುವ ಮಗಳ ಮನೆಯಲ್ಲಿ. ಸಾರ್ವಜನಿಕ ಸಂಗ್ರಹಕ್ಕೆ ಕೊಡುವುದಾದರೆ ಜಾಗಗಳಿವೆ. 1982ರಲ್ಲಿ ಶುರುವಾಗಿ ಈಗ ಗುರುಗ್ರಾಮದಲ್ಲಿರುವ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಸಂಗೀತ ದಾಖಲಾಲಯ ಇಂಥ ಕ್ಷೇತ್ರಕಾರ್ಯದ ಧ್ವನಿಗಳನ್ನು ಕಾಪಾಡುವುದಕ್ಕೆಂದೇ ಇದೆ. ಆ ದಾರಿ ತೆರೆದೇ ಇರಲಿ, ಹೋಗುವುದು ಯಾವಾಗ ಎಂಬುದನ್ನು ಮನೆಯವರು ತೀರ್ಮಾನಿಸಲಿ.

ಸಮಯ ಮಾತ್ರ ಬಹಳ ಇಲ್ಲ. 2019ರಲ್ಲಿ ಯುನೆಸ್ಕೊ ಮತ್ತು ಐಎಎಸ್‌ಎ ಸೇರಿ ಮ್ಯಾಗ್ನೆಟಿಕ್ ಟೇಪಿನ ಬಗ್ಗೆ ಜಗತ್ತಿಗೆ ಎಚ್ಚರಿಕೆಯ ಗಂಟೆ ಬಾರಿಸಿದವು. ಟೇಪು ಇನ್ನೂ ಕೆಲವು ವರ್ಷ ತಾಳಬಹುದು, ಅದನ್ನು ಕೇಳಿಸುವ ಯಂತ್ರ, ಬಿಡಿಭಾಗ, ಅದನ್ನು ಬಲ್ಲ ಕೈ ಇವು ತಾಳುವುದಿಲ್ಲ ಎಂಬುದು ಅದರ ಸಾರ. 2025ನ್ನು ಗಡುವು ಎಂಬಂತೆ ಹೇಳುತ್ತಿದ್ದರು. ಆ ಗಡುವೂ ಬಂದುಹೋಯಿತು. ಚಾಚಾನ ಕೈ ಈಗ ಸ್ವಲ್ಪ ನಡುಗುತ್ತದೆ. ಕಿವಿ ಮಾತ್ರ ಸರಿಯಾಗಿದೆ. ಸ್ಕ್ರೂ ನಾನು ತಿರುಗಿಸುತ್ತೇನೆ, ಅವರು ಕಣ್ಣು ಮುಚ್ಚಿ ಕೂತು ಕೈ ಎತ್ತಿದಾಗ ನಿಲ್ಲಿಸುತ್ತೇನೆ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಕ್ಯಾಸೆಟ್ಟು ಇದ್ದರೆ, ಕೈಗೆ ಸಿಕ್ಕ ಸೆಟ್ಟಿಗೆ ಕೂಡಲೇ ಹಾಕಬೇಡಿ. ಬೆನ್ನಿನ ತೂತುಗಳಿಗೆ ಸೆಲ್ಲೋಟೇಪ್ ಇದ್ದರೆ ಮೊದಲು ಅದನ್ನು ಕಿತ್ತುಹಾಕಿ. ಕೆಂಪು ಗುಂಡಿ ತಪ್ಪಿ ಒತ್ತಿದರೂ ಹಾಡು ಅಳಿಯುವುದಿಲ್ಲ. ಕಿಟಕಿಯಂಥ ಜಾಗದಲ್ಲಿ ಬಿಳಿ ಪುಡಿ ಕಾಣುತ್ತದೆಯೇ, ಒಳಗೆ ಏನಾದರೂ ಗಲಗಲ ಎನ್ನುತ್ತದೆಯೇ ನೋಡಿ. ಧ್ವನಿ ಮಂದವಾಗಿ ಬಂದರೆ ಟೇಪು ಹಾಳಾಗಿದೆ ಎಂದು ಎಸೆಯಬೇಡಿ. ಅದನ್ನು ತುಂಬಿದ್ದು ಯಾವ ಸೆಟ್ಟಿನಲ್ಲಿ, ಸೆಲ್ಲಿನ ಮೇಲೋ ಕರೆಂಟಿನ ಮೇಲೋ, ಪಕ್ಕದ ಕೋಣೆಯಲ್ಲಿ ಯಾರಿದ್ದರು, ಇವನ್ನು ಬಲ್ಲವರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ನನ್ನ ಮೇಜಿನ ಮೇಲೆ ಈಗ ಒಂದು ಮೊಹರಂ ಪದದ ಕ್ಯಾಸೆಟ್ಟಿದೆ. ಬೂಷ್ಟು ಹೋಗಿದೆ, ಮೆತ್ತೆ ಹೊಸದು, ಮಾತು ಇನ್ನೂ ತಿಳಿಯುತ್ತಿಲ್ಲ. ಹಾಡಿದ ನಾಲ್ವರಲ್ಲಿ ಒಬ್ಬರು ಭಾಲ್ಕಿಯಲ್ಲಿ ಮಗನ ಮನೆಯಲ್ಲಿದ್ದಾರಂತೆ. ಬರುವ ಭಾನುವಾರ ಸ್ಕ್ರೂಡ್ರೈವರ್ ಹಿಡಿದುಕೊಂಡು ಅಲ್ಲಿಗೆ ಹೋಗಬೇಕು.